ಸಾಹೇಬರ ಉಪವಾಸ

ಅಂಬೇಡ್ಕರ್ ಓಣಿ, ತೊರಗಲ್

ಸಣ್ಣ ಉದ್ದಿಮೆಗಳ ಸಹಾಯಧನ ಮಂಜೂರು ಮಾಡುವ ದೊಡ್ಡ ಸಾಹೇಬರಿಗೆ, ಸ್ನೇಹಲ್ ಮಾಡುವ ನಮಸ್ಕಾರ.

ರೊಟ್ಟಿ ಮಾಡುವ ಯಂತ್ರಕ್ಕೆ ಅರ್ಧ ಹಣ ಕೊಡುತ್ತೇವೆ ಎಂದಿರಿ, ಕೊಡಲಿಲ್ಲ. ಶೆಡ್ಡಿಗೆ ಕರೆಂಟು ಕೊಡಿಸುತ್ತೇವೆ ಎಂದಿರಿ, ಕೊಡಿಸಲಿಲ್ಲ. ಈಗ ರೊಟ್ಟಿಯ ಗುಣಮಟ್ಟ ಸರಿಯಿಲ್ಲವೆಂದು ನಮ್ಮ ಅರ್ಜಿಯನ್ನೇ ತಿರಸ್ಕರಿಸಿದ್ದೀರಿ.

ನಮ್ಮ ರೊಟ್ಟಿಯನ್ನು ನಿಮ್ಮಲ್ಲಿ ತಿಂದವರು ಯಾರು, ಸರ್?

ತಪಾಸಣೆಗೆ ಬಂದ ನಿಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ನನ್ನ ಅತ್ತೆ ರಾಯವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. "ಇವತ್ತ ನಂದು ಉಪವಾಸ ಐತ್ರಿ" ಎಂದು ಅವರು ತಾಟು ಸರಿಸಿದರು. ನೀರನ್ನೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ಜೋಳ ಬೀಸಿಸಲು ಗಿರಣಿಗೆ ಹೋದರೆ, ಅದೇ ಸಾಹೇಬರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಗಿರಮಿಟ್, ಮಿರ್ಚಿ ತಿನ್ನುತ್ತಿದ್ದರು. ಮನೆಗೆ ಬಂದು ಹೇಳಿದೆ. ಅತ್ತೆ ನಕ್ಕರು: "ಬಿಡವಾ, ಸಾಹೇಬ್ರ ಉಪವಾಸ ನಮ್ಮ ಓಣಿ ದಾಟೂತನಕ ಅಷ್ಟ."

ನನಗೆ ನಗು ಬರಲಿಲ್ಲ. ಜಗಳಕ್ಕೂ ಈಗ ತ್ರಾಣವಿಲ್ಲ. ರೊಟ್ಟಿ ಬಡಿದು ಬಡಿದು ಅತ್ತೆಯ ಬಲಗೈ ಮಣಿಕಟ್ಟು ಊದಿದೆ. ತಮ್ಮ ತಲೆ ತಾವು ಬಾಚಿಕೊಳ್ಳಲಾರರು. ಯಂತ್ರ ಕೇಳಿದ್ದು ಆ ಕೈಗಾಗಿ. ಅದು ಬರುವವರೆಗೆ ಅವರು ಬಡಿಯುತ್ತಲೇ ಇರಬೇಕು, ನಮಗೆ ಬೇರೆ ದುಡಿಮೆಯಿಲ್ಲ.

ಅರ್ಜಿಯನ್ನು ಮತ್ತೆ ನೋಡಿ. ರೊಟ್ಟಿ ಚೆನ್ನಾಗಿಲ್ಲವಾದರೆ ತಿಂದು ಹೇಳಿ, ಒಪ್ಪುತ್ತೇವೆ. ಓಣಿಯ ಹೆಂಗಸರೆಲ್ಲ ರೊಟ್ಟಿಬುಟ್ಟಿ ಹೊತ್ತು, ಅರ್ಜಿಗಳನ್ನು ತೀರ್ಮಾನಿಸುವ ನಿಮ್ಮ ಮುಂದಿನ ಸಭೆಗೆ ಬರುತ್ತೇವೆ. ಇನ್‌ಸ್ಪೆಕ್ಟರ್ ಸಾಹೇಬರನ್ನೂ ಕೂರಿಸಿ. ಅಂದು ಉಪವಾಸ ಹಿಡಿಯಬೇಡಿ ಎಂದು ಅವರಿಗೆ ಈಗಲೇ ತಿಳಿಸಿ. ಸಭೆ ಬರುವ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ.

ಜೈ ಭೀಮ್.
ಸ್ನೇಹಲ್, ರಾಯವ್ವನ ಸೊಸೆ