ಬಲಗಡೆಯ ಸ್ಪೀಕರ್

ಅಪ್ಪಾ,

ನಿಮ್ಮ ಸಿಡಿ ಪ್ಲೇಯರ್ ಬಿಚ್ಚಿದೆ. ಬಲಗಡೆ ಸದ್ದು ಸಣ್ಣ, ಒಳಗೆ ಸದ್ದು ಹೆಚ್ಚಿಸುವ ಆಪ್-ಆ್ಯಂಪ್ ಚಿಪ್ ಸೋತಿದೆ ಎನ್ನುತ್ತಿದ್ದಿರಲ್ಲ, ಎರಡೂ ಕಡೆಗೆ ಹೊಸದು ಹಾಕಿದೆ. ಬೆಸುಗೆಯ ಹೊಗೆ ಬಿಸಿಲಿನಲ್ಲಿ ಸುಳಿಯುತ್ತ ನಿಮ್ಮ ಖಾಲಿ ಕುರ್ಚಿಯವರೆಗೆ ತೇಲಿತು. ಹಾಡು ಹಾಕಿದಾಗ ಇಡೀ ಕೋಣೆ ನೀರಿನ ಮೇಲಿರುವಂತೆ ಮೆಲ್ಲಗೆ ತೂಗಿತು.

"ಹೇಗಿದೆ ಅಮ್ಮಾ?"

"ಮೊದಲಿನ ಹಾಗೇ ಇದೆ ಕಣೋ. ಇಷ್ಟಕ್ಕೆ ಮನೆಯೆಲ್ಲ ಹೊಗೆ ಎಬ್ಬಿಸಿದ್ಯಾ?"

ಸುಳ್ಳು ಹೇಳಲಾರೆ, ನನಗೂ ಹಾಗೇ ಕೇಳಿಸಿತು. ಹಳೆಯ ಚಿಪ್‌ಗಳನ್ನೇ ಮತ್ತೆ ಕೂರಿಸಿದೆ. ಆಗಲೂ ಎಡ, ಬಲ ಸರಿಸಮವಾಗಿದ್ದವು.

"ಮತ್ತೆ ಅಪ್ಪನಿಗೆ ಯಾಕೆ ಕಮ್ಮಿ ಕೇಳ್ತಿತ್ತು?"

"ಅವರ ಬಲಗಿವಿ ಮಂದ ಆಗಿತ್ತು. ಯಾರಿಗೂ ಹೇಳ್ಬೇಡ ಅಂದಿದ್ರು. ತಪ್ಪೆಲ್ಲ ಚಿಪ್ಪಿನ ತಲೆಗೆ ಕಟ್ತಿದ್ರು," ಎಂದು ಅಮ್ಮ ನಕ್ಕಳು.

ಅಪ್ಪಾ, ಶಾಲೆ ಬಿಡಲಾ ಎಂದು ಕೇಳಿದ ದಿನ ನಾನು ನಿಮ್ಮ ಬಲಕ್ಕೆ ಕೂತಿದ್ದೆ. ಇದೇ ಹಾಡು ನಡೆದಿತ್ತು. ನೀವು ತಿರುಗಿಯೂ ನೋಡಲಿಲ್ಲ. ಅದೇ ನಿಮ್ಮ ಉತ್ತರ ಎಂದುಕೊಂಡು ಎದ್ದುಬಂದೆ, ಮತ್ತೊಮ್ಮೆ ಕೇಳದೆ ಶಾಲೆ ಬಿಟ್ಟೆ.

ಈಗ ಹಾಡು ಮುಗಿದು ಎಷ್ಟೋ ಹೊತ್ತಾಗಿದೆ. ನಿಮ್ಮ ಕುರ್ಚಿಯ ಎಡಗಡೆ ಕೂತೇ ಇದ್ದೇನೆ.