ಎಂಟು ದಿನದ ಅರ್ಧಾಯುಷ್ಯ

ಪುಟ್ಟಕ್ಕಾ,

ನೀನು ಟ್ಯೂಷನ್ ಮುಗಿಸಿ ಬರುವಷ್ಟರಲ್ಲಿ ನಾನು ನಿಮ್ಮಪ್ಪನ ಜೊತೆ ಆಸ್ಪತ್ರೆ ಸೇರಿರುತ್ತೇನೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ. ವಿದ್ಯುತ್ ಪಾಠದಲ್ಲಿ ನೂರಕ್ಕೆ ನೂರು ತೆಗೆದವಳಿಗೇ ಮೊನ್ನೆ ಶಾಕ್ ಹೊಡೆದದ್ದು! ನಾಳೆಯ ಪರೀಕ್ಷೆಗೆ ಶಕ್ತಿಯ ರೂಪಾಂತರ ಇನ್ನೊಮ್ಮೆ ಓದು, ನೀನು ಎಡವುವುದು ಅಲ್ಲೇ.

ನಿನ್ನೆ ಅಡುಗೆಮನೆಯ ಬಾಗಿಲಿಗೆ ಒರಗಿ ಉರು ಹೊಡೆಯುತ್ತಿದ್ದೆಯಲ್ಲ, "ವಿಕಿರಣಶೀಲ ಅಯೋಡಿನ್, ಅರ್ಧಾಯುಷ್ಯ ಎಂಟು ದಿನ" ಅಂತ. ಆಗ ನನ್ನ ಕೈಯಿಂದ ಲೋಟ ಜಾರಿದ್ದು ಸೋಪಿನಿಂದಲ್ಲ. ನನ್ನ ಥೈರಾಯ್ಡ್ ಗಡ್ಡೆಗೆ ಇವತ್ತು ನುಂಗಿಸುವುದು ಅದೇ ಅಯೋಡಿನ್ ಮಾತ್ರೆಯನ್ನು. ದೀರ್ಘಾಯುಷ್ಯ, ಅಲ್ಪಾಯುಷ್ಯ ಕೇಳುತ್ತಾ ಬೆಳೆದವಳು ನಾನು. ಈ ಅರ್ಧಾಯುಷ್ಯವನ್ನು ಕಥೆಯ ಋಷಿಗಳೂ ಯಾರಿಗೂ ಶಾಪವಾಗಿ ಕೊಟ್ಟದ್ದು ಕಾಣೆ. ಅಪ್ಪನನ್ನು ಕೇಳಿದರೆ "ನಿಂಗೆಲ್ಲೋ ಹುಚ್ಚು ಕಣೇ" ಅಂದುಬಿಡುತ್ತಾರೆ. ಡಾಕ್ಟರನ್ನು ಕೇಳಲು ಬಾಯೇ ಬರಲಿಲ್ಲ. ಬೆಳಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂತರೂ ನಾಲಿಗೆಯ ಮೇಲೆ ಬಂದದ್ದು ನಾಮಸ್ಮರಣೆಯಲ್ಲ, ಎಂಟು ದಿನ, ಎಂಟು ದಿನ.

ಮನೆಗೆ ಬಂದ ಮೇಲೂ ಕೆಲವು ದಿನ ನಾನು ಬೇರೆ ಕೋಣೆಯಲ್ಲಿರಬೇಕಂತೆ. ಓಡಿ ಬಂದು ತಬ್ಬಿಕೊಳ್ಳಬೇಡ ಕಂದ, ದೂರದಿಂದಲೇ ಮಾತಾಡು.

ನಾಲ್ಕು ಗಂಟೆಗೆ ಅಪ್ಪ ನನ್ನ ಶಾಲು ಒಯ್ಯಲು ಬರುತ್ತಾರೆ. ಮಾತ್ರೆ ಕೊಡುವುದು ಆಮೇಲಂತೆ. ಈ ಚೀಟಿಯ ಹಿಂದೆ ಒಂದೇ ಒಂದು ಉತ್ತರ ಬರೆದು, ಮಡಚಿ ಅವರ ಕೈಗೆ ಕೊಡು: ಆ ಅರ್ಧ ಆಯುಷ್ಯ ಮಾತ್ರೆಯದೋ, ನನ್ನದೋ? ಒಂದಂಕದ ಪ್ರಶ್ನೆ ಅಂದುಕೋ. ಅಮ್ಮ ಪಾಪ ಅಂತ ಕೃಪಾಂಕ ಕೊಡಬೇಡ, ಪುಸ್ತಕದಲ್ಲಿ ಇರುವುದನ್ನೇ ಬರಿ.

ನಿನ್ನ ಉತ್ತರ ಬರುವವರೆಗೆ ನಾನು ಆ ಮಾತ್ರೆಗೆ ಬಾಯಿ ತೆರೆಯುವುದಿಲ್ಲ.

ಅಮ್ಮ