ಇಳಿಜಾರಿನಲ್ಲಿ ಇಂಜಿನ್ ಆಫ್

ಕ್ವಾರಿ ವರ್ಕ್‌ಶಾಪ್
ಸೋಮವಾರ, ಊಟದ ಬಿಡುವು

ನನ್ನ ಪ್ರೀತಿಯವರಿಗೆ,

ಹೇಗಿದ್ದೀರಿ? ಸೊಂಟನೋವು ಇಳಿಯಿತೇ? ಹೊಸ ಕ್ವಾರಿಯಲ್ಲಿ ಫೋನ್ ಸಿಗುವುದಿಲ್ಲ ಎಂಬ ನೆಪದಲ್ಲಿ ಹಾಯಾಗಿದ್ದೀರಲ್ಲ, ಅದಕ್ಕೇ ಡೀಸೆಲ್ ಟ್ಯಾಂಕರ್‌ನವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ. ನಿಮ್ಮ ಹಾಗೆಯೇ ಮೂರು ಹೊತ್ತೂ ಕನ್ನಡಿ ಮುಂದೆ ಇರುತ್ತಾಳೆ.

ನೀವು ಓಡಿಸುತ್ತಿದ್ದ ಕಲ್ಲು ತುಂಬುವ ಲೋಡರ್ ರಿಪೇರಿ ಮುಗಿದು ಇವತ್ತು ಮಧ್ಯಾಹ್ನ ಕೆಳಗಿನ ಗುಂಡಿಗೆ ಇಳಿಯಬೇಕು. ಓಡಿಸುವವನು ನನ್ನ ತಮ್ಮ. ನಿಮ್ಮ ಸೀಟಿನಲ್ಲಿ ಕೂತು ನಿಮ್ಮ ಹಾಗೆಯೇ ಸಿಳ್ಳೆ ಹಾಕುತ್ತಾನೆ. ಅಷ್ಟೇ ಆಗಿದ್ದರೆ ನಗುತ್ತಿದ್ದೆ. ನೀವು ಕಲಿಸಿದ ಆ ಹಾಳು ವಿದ್ಯೆಯನ್ನೂ ಬಿಡುವುದಿಲ್ಲವಂತೆ: ಇಳಿಜಾರಿಗೆ ಬಂದ ಕೂಡಲೇ ಇಂಜಿನ್ ಆಫ್, ಡೀಸೆಲ್ ಉಳಿತಾಯ! ಬೇಡ ಕಣೋ ಎಂದರೆ, "ಭಾವ ಹೀಗೇ ಓಡ್ಸಿದ್ದು. ಪೈಪ್ ಜೋಡ್ಸೋಳಿಗೆ ಏನ್ ಗೊತ್ತು?" ಎನ್ನುತ್ತಾನೆ.

ಈ ವರ್ಕ್‌ಶಾಪಿನಲ್ಲಿ ಎಣ್ಣೆಯ ಪೈಪ್ ಜೋಡಿಸುವವಳಿಗೇ ಗೊತ್ತಿರುವುದು ರೀ. ಆ ಸ್ಟೀರಿಂಗ್‌ಗೂ ಚಕ್ರಕ್ಕೂ ನಡುವೆ ಕಬ್ಬಿಣದ ಕೊಂಡಿಯೇ ಇಲ್ಲ, ಇರುವುದು ಬರೀ ಎಣ್ಣೆ. ನೀವು ತಿರುಗಿಸಿದರೆ ಒಂದು ವಾಲ್ವ್ ತೆರೆದು ಎಣ್ಣೆಗೆ ದಾರಿ ಬಿಡುತ್ತದೆ, ಅಷ್ಟೇ. ಅದನ್ನು ನಡುವಿನ ಎರಡು ಸಿಲಿಂಡರ್‌ಗಳಿಗೆ ನೂಕುವುದು ಇಂಜಿನ್ ನಡೆಸುವ ಪಂಪು. ಒಂದು ಚಾಚುತ್ತದೆ, ಇನ್ನೊಂದು ಕುಗ್ಗುತ್ತದೆ, ಗಾಡಿ ಸೊಂಟದಲ್ಲಿ ಬಾಗಿ ತಿರುಗುತ್ತದೆ. ಇಂಜಿನ್ ನಿಂತರೆ ಪಂಪೂ ನಿಂತಿತು. ಆಮೇಲೆ ಅಷ್ಟು ಭಾರ ಬಾಗಿಸಲು ಯಾವ ಗಂಡಸಿನ ತೋಳೂ ಸಾಲದು. "ಮತ್ತೆ ನನಗೆ ಹೇಗೆ ತಿರುಗುತ್ತಿತ್ತು?" ಎನ್ನುತ್ತೀರಿ, ಗೊತ್ತು. ಚಕ್ರ ಉರುಳುತ್ತಿರುವಷ್ಟು ಹೊತ್ತು ಎಣ್ಣೆ ನೂಕುವ ಇನ್ನೊಂದು ಚಿಕ್ಕ ಪಂಪು ಹಿಂದುಗಡೆ ಇತ್ತು, ಆಪತ್ತಿಗೆಂದು ಇಟ್ಟದ್ದು. ನಿಮ್ಮ ಕೈಚಳಕವೆಂದು ನೀವು ಮೀಸೆ ತಿರುವಿದ್ದೆಲ್ಲ ಅದರ ದಯೆ.

ಆ ಪಂಪನ್ನು ನಿನ್ನೆ ಫೋರ್‌ಮನ್ ಬಿಚ್ಚಿಸಿ ಬೇರೆ ಗಾಡಿಗೆ ಹಾಕಿಸಿದರು. "ಹೊಸದು ಬರೋವರ್ಗೂ ಏನೂ ಆಗಲ್ಲ ಬಿಡಮ್ಮ" ಎಂದರು. ಇಂಜಿನ್ ಓಡುತ್ತಿದ್ದರೆ ಏನೂ ಆಗದು, ನಿಜ. ಇಂಜಿನ್ ಆರಿಸುವ ನಿಮ್ಮ ವಿದ್ಯೆ ಅವರಿಗೆಲ್ಲಿ ಗೊತ್ತು? ಅದಕ್ಕೇ ಲೋಡರ್ ಕೀಲಿ ತೆಗೆದು ನನ್ನ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಆ ಧೈರ್ಯದಲ್ಲೇ ಇಷ್ಟುದ್ದ ಬರೆಯುತ್ತಿರುವುದು. ನನ್ನ ಮಾತು ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀವೇ ಎರಡು ಸಾಲು ಬರೆದು ಬೈಯಿರಿ, ನಿಮ್ಮ ಮಾತಾದರೆ ಅವನಿಗೆ ವೇದವಾಕ್ಯ.

ಹೊತ್ತುಹೊತ್ತಿಗೆ ಊಟ ಮಾಡಿ. ಮಗಳ ಮುತ್ತು ಇದರ ಜೊತೆಗಿದೆ.

ಇಂತಿ ನಿಮ್ಮ
ಬಾಯಿಬಡುಕಿ

ತಾ.ಕ.: ಟ್ಯಾಂಕರ್‌ನಲ್ಲಿ ಕೂತು ಗೀಚುತ್ತಿದ್ದೇನೆ. ಲಕೋಟೆ ಅಂಟಿಸುವಷ್ಟರಲ್ಲಿ ಲೋಡರ್ ಸ್ಟಾರ್ಟ್ ಆಯಿತು. ನನ್ನ ಕೀಲಿ ಜೇಬಿನಲ್ಲೇ ಇದೆ. ಹೋಗುವಾಗ ನಿಮ್ಮ ಹತ್ತಿರವಿದ್ದ ಇನ್ನೊಂದು ಕೀಲಿ ಅವನಿಗೆ ಕೊಟ್ಟಿರಾ? ಹಿಂದೆ ಓಡಿದೆ, ಕೂಗಿದೆ. ನಿಮ್ಮ ಹಾಗೆಯೇ ತಿರುಗಿ ನೋಡದೆ ಕೈ ಬೀಸಿದ. ಟ್ಯಾಂಕರ್‌ನವರು ಹಾರ್ನ್ ಹೊಡೆಯುತ್ತಲೇ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ, ಅವನಿಗೆ ಕೇಳುತ್ತಿಲ್ಲ. ಇಳಿಜಾರಿನ ತಲೆಯಲ್ಲಿ ಲೋಡರ್ ಹೊಗೆ ಕಾಣುತ್ತಿದೆ. ಹೊಗೆ ಇರುವವರೆಗೂ ಇಂಜಿನ್ ಓಡುತ್ತಿದೆ, ಭಯವಿಲ್ಲ.

ಹೊಗೆ ನಿಂತಿತು ರೀ.